ಮತ್ಸ್ಯವಿನೋದದಿಂದ ಕೋಯಿ ಮೀನಿನವರೆಗೆ

ಕಲ್ಯಾಣ ಚಾಲುಕ್ಯರ ಕೊನೆಗಾಲದಲ್ಲಿ ನಮ್ಮ ಅಣ್ಣಿಗೇರಿ ರಾಜಧಾನಿಯಾಗಿದ್ದಿತೆಂದು ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಅದೇ ವಂಶದ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಭಾಗವಿದೆ. ಮೀನಿನ ಜಾತಿಗಳು, ಅವುಗಳಿಗೆ ಹಾಕುವ ಆಹಾರ, ಗಾಳದ ಕ್ರಮ ಅಲ್ಲಿ ನಿರೂಪಿತವಾಗಿವೆ. ಆದರೆ ಆ ವಿನೋದದ ಗುರಿ ಮೀನು ಹಿಡಿಯುವುದೇ.

ಜಪಾನಿನ ನೀಗಾತ ಪ್ರಾಂತದ ಯಮಕೋಶಿ ಗುಡ್ಡಗಾಡಿನ ರೈತರೂ ಗೆಂಡೆ ಮೀನನ್ನು ಮೊದಲು ಸಾಕಿದ್ದು ಊಟಕ್ಕಾಗಿಯೇ. 19ನೆಯ ಶತಮಾನದಲ್ಲಿ ಅವುಗಳ ನಡುವೆ ಹುಟ್ಟಿದ ಬಣ್ಣದ ಮರಿಗಳನ್ನು ತಿನ್ನದೆ ಉಳಿಸಿ ತಳಿ ಬೆಳೆಸಿದರು. ಅದೇ ಕೋಯಿ. 1914ರ ಟೋಕಿಯೋ ಪ್ರದರ್ಶನದಿಂದ ಅದರ ಕೀರ್ತಿ ಹಬ್ಬಿತು.

ಕೋಯಿ ಸಾಕಬಯಸುವ ನಮ್ಮ ತರುಣರಲ್ಲಿ ಒಂದು ವಿನಂತಿ: ಅದನ್ನು ತೊಟ್ಟಿಯಲ್ಲಿಯೇ ಇರಿಸಿರಿ, ಸಾಕಾಯಿತೆಂದು ಕೆರೆಗೆ ಬಿಡಬೇಡಿರಿ. ಗೆಂಡೆಯು ತಳದ ಕೆಸರನ್ನು ಕೆದಕಿ ನೀರನ್ನು ಕದಡುತ್ತದೆ. ನವಲಗುಂದ ಸೀಮೆಯ ಎಷ್ಟೋ ಊರುಗಳು ಕುಡಿಯುವುದು ಕೆರೆಯ ನೀರನ್ನೇ.