ನಡೆದವರು ಮತ್ತು ನೀರಿಟ್ಟವರು

ಈಚೆಗೆ ಕಲಾಗೋಷ್ಠಿಗಳಲ್ಲಿ ನಡಿಗೆಯೂ ಒಂದು ಕಲೆ ಎಂಬ ಮಾತು ಹೊಸ ಶೋಧದಂತೆ ಕೇಳಿಬರುತ್ತಿದೆ. ಕಥೆ ಶುರುವಾಗುವುದು 1967ರಲ್ಲಿ, ಇಂಗ್ಲೆಂಡಿನ ಹುಲ್ಲುಗಾವಲಿನಲ್ಲಿ ರಿಚರ್ಡ್ ಲಾಂಗ್ ಹಿಂದೆಮುಂದೆ ನಡೆದು ಗೆರೆ ಮೂಡಿಸಿದಲ್ಲಿಂದ. ಲಾಂಗ್ ದೊಡ್ಡ ಕಲಾವಿದರೇ, ಆದರೆ ನಡೆದದ್ದು ಒಬ್ಬರೇ. ಊರಿಗೆ ಊರೇ ನಡೆಯುವ ಕಲೆಯ ಚರಿತ್ರೆ ಬೇಕಾದವರು ಭೀಮೆಯ ದಂಡೆಗೆ ಬರಬೇಕು. ಪಂಢರಪುರದಿಂದ ಇಳಿದ ಹೊಳೆ ಗಾಣಗಾಪುರದಲ್ಲಿ ಆಳಂದ ಸೀಮೆಯ ಅಮರ್ಜಾವನ್ನು ಕೂಡಿಕೊಂಡು ಜೇವರ್ಗಿಯತ್ತ ಸಾಗುತ್ತದೆ. ಜೇವರ್ಗಿ ತಾಲೂಕಿನ ಅಂದೋಲಾದಲ್ಲಿ ನಿಂತರೆ ವಾಯವ್ಯಕ್ಕೆ ಪಂಢರಪುರದ ವಿಠ್ಠಲ, ಆಗ್ನೇಯಕ್ಕೆ ಶ್ರೀಶೈಲದ ಮಲ್ಲಯ್ಯ.

ಹನ್ನೆರಡನೆಯ ಶತಮಾನದ ಜಂಗಮರು, ಆಮೇಲಿನ ಹರಿದಾಸರು ಹಾಡನ್ನು ಕಾಲ್ನಡಿಗೆಯಲ್ಲೇ ಊರೂರಿಗೆ ಮುಟ್ಟಿಸಿದ್ದು ಎಲ್ಲರಿಗೂ ಗೊತ್ತು. ಗುಂಪಿನ ನಡಿಗೆಗೆ ಕಟ್ಟುಪಾಡು ತಂದವರು ಪಂಢರಪುರಕ್ಕೆ ನಡೆಯುವ ವಿಠ್ಠಲಭಕ್ತರಾದ ವಾರಕರಿಗಳು. 1685ರ ಹೊತ್ತಿಗೆ ತುಕಾರಾಮರ ಮಗ ನಾರಾಯಣ ಮಹಾರಾಜರು ಪಲ್ಲಕ್ಕಿ ಹೊರಡಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಹೈಬತಬಾಬಾ ಪುಣೆ ಬಳಿಯ ಆಳಂದಿಯ ಪಲ್ಲಕ್ಕಿಗೆ ಬೇರೆಯೇ ವ್ಯವಸ್ಥೆ ಮಾಡಿದರು. ಅದರ ಮುಂದೆ ಸಾಗುವ ಕುದುರೆಗಳು ಇವತ್ತಿಗೂ ಬೆಳಗಾವಿ ಜಿಲ್ಲೆಯ ಅಂಕಲಿಯಿಂದಲೇ ಹೋಗುತ್ತವೆ. ನಮ್ಮ ವಿದ್ವಾಂಸರು ಇದನ್ನು ಅಷ್ಟಾಗಿ ನೆನೆಯುವುದಿಲ್ಲ.

ಅಧ್ಯಯನದ ಮಾತಿಗೆ ಬಂದರೆ, 1931ರ ‘ಗರತಿಯ ಹಾಡು’ ಮೂಲಕ ಹಲಸಂಗಿ ಗೆಳೆಯರು ಈ ಸೀಮೆಯ ದನಿಗೆ ಮರ್ಯಾದೆ ತಂದುಕೊಟ್ಟರು. ನಂತರದ ಸಂಗ್ರಾಹಕರು ಹಾಡುವವರನ್ನು ಕೂರಿಸಿ ಬರೆದುಕೊಂಡರು. ಜೊತೆಗೆ ನಡೆದು ಕೇಳಿದವರು ಮರಾಠಿಯವರು. ಇರಾವತಿ ಕರ್ವೆ ವಾರಕರಿಗಳ ಗುಂಪಾದ ದಿಂಡಿಯಲ್ಲಿ ಹೆಜ್ಜೆ ಹಾಕಿ, ಕೂಡಿ ಹಾಡುವವರು ಊಟಕ್ಕೆ ಜಾತಿವಾರು ಕೂರುವುದನ್ನು ನೊಂದು ಬರೆದರು. ದಿ. ಬಾ. ಮೊಕಾಶಿಯವರ ‘ಪಾಲಖಿ’ (1964) ಬೊಬ್ಬೆ, ದಣಿವು, ಬಿಡಾರದ ಗದ್ದಲ ಎಲ್ಲವನ್ನೂ ಒಳಗೊಂಡಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ಮೊದಲ ಪಾಠ ಅದೇ.

ನಮ್ಮ ತಲೆಮಾರಿನವರು ಟೇಪ್ ರೆಕಾರ್ಡರ್ ಹಿಡಿದು ಹೊರಟಾಗ ಹಾಡಿಗಿಂತ ಮೊದಲು ಕಾಲು ಕಂಡಿತು. ದಿಂಡಿಯಲ್ಲಿ ಪತಾಕೆ ಮುಂದೆ, ತಾಳದವರು ಎರಡು ಸಾಲು, ಹೆಂಗಸರ ತಲೆಯ ಮೇಲೆ ತುಳಸಿಕಟ್ಟೆ. ಏರು ಬಂದರೆ ಮೃದಂಗ ಲಯ ಇಳಿಸುತ್ತದೆ, ಊರು ಸಮೀಪಿಸಿದರೆ ಏರಿಸುತ್ತದೆ. ಮುದುಕರು ಹಿಂದೆ ಬೀಳದಂತೆ ಹಾಡು ತನ್ನ ಅಳತೆ ಕಂಡುಕೊಂಡಿದೆ. ಯುಗಾದಿಗೆ ಶ್ರೀಶೈಲಕ್ಕೆ ಹೊರಟವರದು ಇನ್ನೊಂದು ಗತ್ತು: ಹೆಗಲ ಮೇಲೆ ಮಲ್ಲಯ್ಯನ ಕಂಬಿ ಹೊತ್ತವರ ಸುತ್ತ ಗುಂಪು, ಕೆಲವರು ಮರಗಾಲ ಮೇಲೆ, ಕೊನೆಗೆ ನಲ್ಲಮಲದ ಕಾಡು. ಮೊಹರಂನ ಹೆಜ್ಜೆಮೇಳದಲ್ಲಿ ರಿವಾಯತ್ ಪದಕ್ಕೆ ಊರೇ ಕಾಲು ಕೂಡಿಸುತ್ತದೆ, ಮುಸ್ಲಿಮರ ಒಂದು ಮನೆಯೂ ಇಲ್ಲದ ಊರಲ್ಲಿ ಸಹ. ರಹಮತ್ ತರೀಕೆರೆಯವರ ‘ಕರ್ನಾಟಕದ ಮೊಹರಂ’ ಇದಕ್ಕೆ ತಕ್ಕ ಗಮನ ಕೊಟ್ಟಿತು. ಇತ್ತ ಮೆರವಣಿಗೆಗೆಂದು ಲಾರಿಯಲ್ಲಿ ತಂದಿಳಿಸುವ ಕಲಾತಂಡಗಳನ್ನು ಜಾನಪದವೆಂದು ಕರೆಯುವ ರೂಢಿಯೂ ಬೆಳೆಯಿತು. ಅದಕ್ಕೆ ಪ್ರಚಾರ ಬೇಕಾದಷ್ಟಿದೆ, ನಾನು ಸೇರಿಸುವುದು ಬೇಡ.

ಉಳಿದ ಕೆಲಸ ಕಡಿಮೆಯಲ್ಲ. ಸೇವಾಲಾಲರ ಮಾಲೆ ಧರಿಸಿ ಸೂರಗೊಂಡನಕೊಪ್ಪಕ್ಕೆ ನಡೆಯುವ ಲಂಬಾಣಿ ತಾಂಡಾದವರ ಬಗ್ಗೆ ನಾವು ಬರೆದದ್ದು ಅತ್ಯಲ್ಪ. ಅದಕ್ಕಿಂತ ದೊಡ್ಡ ಲೋಪ, ದಾರಿಬದಿಯವರನ್ನು ಬಿಟ್ಟದ್ದು. ನಡೆಯುವವರು ರಾತ್ರಿ ತಂಗುವ ವಸ್ತಿಯ ಊರಲ್ಲಿ ನೀರು ಕಾಯಿಸಿ ಕಾಲಿಗೆ ಎರೆದವರು, ರೊಟ್ಟಿ ಬಡಿದವರು, ರಾತ್ರಿ ಭಜನೆಗೆ ದನಿಗೂಡಿಸಿದವರು ಈ ಕಲೆಯ ಅರ್ಧ ಪಾಲುದಾರರು. ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರನ್ನು ಕಲಬುರಗಿ ಇಂದಿಗೂ ನೆನೆಯುವುದು ದಾಸೋಹಕ್ಕಾಗಿ. ಉಣಿಸುವವರ ದೊಡ್ಡಸ್ತಿಕೆ ಗೊತ್ತಿದ್ದ ಸೀಮೆಯ ವಿದ್ವಾಂಸರೇ ಅವರನ್ನು ಹೊರಗಿಟ್ಟದ್ದು ಸೋಜಿಗ.

ಮಳೆ ಕೈಕೊಟ್ಟು, ತೊಗರಿ ಒಣಗಿ, ಜನ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋದಾಗ ಮೊದಲು ಸೊರಗಿದ್ದು ಈ ಅರ್ಧ. ನಡೆಯುವವರು ರಜೆ ಹಾಕಿ ಬಂದು ಗುಂಪು ಕೂಡಬಹುದು. ಬೀಗ ಬಿದ್ದ ಮನೆ ಅವರಿಗಾಗಿ ಒಲೆ ಹಚ್ಚುವುದಿಲ್ಲ. ಭಕ್ತಿ ಕಡಿಮೆಯಾಯಿತು ಎನ್ನುವವರು ವಸ್ತಿಯ ಊರುಗಳನ್ನು ನೋಡಿಲ್ಲ.

ಹೀಗಾಗಿ ಕಲಾವಿದರಿಗೆ ಮಾಸಾಶನ, ವೇದಿಕೆ ಕೊಟ್ಟಷ್ಟಕ್ಕೆ ನಡಿಗೆ ಉಳಿಯದು. ದಾರಿಯ ಬಾವಿ, ರಸ್ತೆ ಅಗಲಿಸುವಾಗ ಕಡಿಯುವ ಬೇವಿನ ಮರ, ವಸ್ತಿಯ ಗುಡಿಯ ಅಡುಗೆಮನೆ ಇವೂ ಕಲೆಯ ಲೆಕ್ಕಕ್ಕೆ ಸೇರಬೇಕು. ಮುಂದಿನ ಸಂಶೋಧಕರು ಹಾಡಿನ ಪಟ್ಟಿಯನ್ನು ಬದಿಗಿಟ್ಟು, ಒಂದು ದಾರಿ ಆಯ್ದು, ಯಾವ ಊರಲ್ಲಿ ಯಾವ ಮನೆ ಇನ್ನೂ ಉಣಿಸುತ್ತಿದೆ ಎಂದು ಬರೆದುಕೊಂಡು ಬರಲಿ.