ಕನ್ನದಿಂದ ನಕಲಿ ಕೀಲಿಯವರೆಗೆ

ಹಾಸ್ಟೆಲಿಗೆ ಹೊರಟ ಮಗನಿಗೋ ಮಗಳಿಗೋ ಅಪ್ಪ ಕೊಡಿಸುವ ಸಾಮಾನುಗಳಲ್ಲಿ ಹಾಸಿಗೆ, ಬಕೆಟ್ಟುಗಳ ಜೊತೆ ಒಂದು ಬೀಗ ಇದ್ದೇ ಇರುತ್ತದೆ. ಹಿಂದೆ ಅದು ತಗಡಿನ ಟ್ರಂಕಿಗೆ. ಒಳಗೆ ನಾಲ್ಕು ಜೊತೆ ಬಟ್ಟೆ, ಊರಿನ ಚಕ್ಕುಲಿ, ಪರೀಕ್ಷೆಯ ಫೀಸಿಗೆ ಎತ್ತಿಟ್ಟ ಹಣ. ಈಗ ಅದು ಬಾಡಿಗೆ ಕೋಣೆಯ ಬಾಗಿಲಿಗೆ. ಒಳಗೆ ಲ್ಯಾಪ್‌ಟಾಪ್, ಅದರೊಳಗೆ ಎರಡು ವರ್ಷ ಕೂತು ಬರೆದ ಪ್ರಬಂಧ, ಪಕ್ಕದಲ್ಲಿ ಅಂಕಪಟ್ಟಿಗಳ ಮೂಲಪ್ರತಿ. ಕಳವಾದರೆ ಯಂತ್ರದ ಬೆಲೆಗಿಂತ ಕೈಬಿಟ್ಟ ವರ್ಷದ ಬೆಲೆಯೇ ದೊಡ್ಡದು. ಇಷ್ಟನ್ನೂ ಕಾಯುವ ಆ ಬೀಗವನ್ನು ಎಷ್ಟು ನಂಬಬಹುದು?

ಮನೆಗಳ್ಳತನಕ್ಕೆ ನಾವು 'ಕನ್ನ ಹಾಕುವುದು' ಎನ್ನುತ್ತೇವೆ. ಕನ್ನವೆಂದರೆ ಕಳ್ಳ ಗೋಡೆಗೆ ಕೊರೆದ ಕಿಂಡಿ. ಮಣ್ಣಿನ ಗೋಡೆಯ ಕಾಲದಲ್ಲಿ ಅಗುಳಿ ಹಾಕಿದ ದಪ್ಪ ಬಾಗಿಲಿನ ಗೊಡವೆಗೆ ಕಳ್ಳ ಹೋಗುತ್ತಲೇ ಇರಲಿಲ್ಲ. ಪಕ್ಕದ ಗೋಡೆಯನ್ನು ಕೊರೆಯುವುದೇ ಸುಲಭ. ಶೂದ್ರಕನ 'ಮೃಚ್ಛಕಟಿಕ' ನಾಟಕದ ಶರ್ವಿಲಕ ಇಂಥ ಕಳ್ಳ. ಓದಿದ ಬ್ರಾಹ್ಮಣ, ಪ್ರೀತಿಸಿದವಳನ್ನು ದಾಸ್ಯದಿಂದ ಬಿಡಿಸಲು ಹಣ ಬೇಕು. ಚಾರುದತ್ತನ ಮನೆಯ ಗೋಡೆಗೆ ಯಾವ ಆಕಾರದ ಕನ್ನ ಒಪ್ಪುತ್ತದೆಂದು ಶಾಸ್ತ್ರೋಕ್ತವಾಗಿ ಚರ್ಚಿಸಿ, ಅಳತೆಯ ದಾರ ಮರೆತು ಬಂದದ್ದರಿಂದ ಜನಿವಾರದಲ್ಲೇ ಅಳೆಯುತ್ತಾನೆ. ನಗೆಯ ಪ್ರಸಂಗವೇ ಸರಿ, ಆದರೆ ಅದರಲ್ಲಿ ಕಸುಬಿನ ತಿಳಿವಳಿಕೆಯಿದೆ: ಮನೆಯ ಅತಿ ದುರ್ಬಲ ಜಾಗ ಯಾವುದೆಂದು ಅವನು ಮೊದಲು ಹುಡುಕುತ್ತಾನೆ.

ಗೋಡೆಗಳು ಇಟ್ಟಿಗೆ, ಕಲ್ಲಿನವಾದಂತೆ ಕಳ್ಳನ ಕಣ್ಣು ಬೀಗದ ಮೇಲೆ ಬಿತ್ತು. ಬೀಗ ಮಾಡುವವರಿಗೂ ತೆಗೆಯುವವರಿಗೂ ನಡೆದ ಪೈಪೋಟಿಯ ಒಳ್ಳೆಯ ಕಥೆ ಇಂಗ್ಲೆಂಡಿನದು. 1784ರಲ್ಲಿ ಜೋಸೆಫ್ ಬ್ರಾಮಾ ಹೊಸ ಬಗೆಯ ಬೀಗಕ್ಕೆ ಪೇಟೆಂಟ್ ಪಡೆದ. ಮುಂದೆ ಲಂಡನ್ನಿನ ಪಿಕಡಿಲಿಯ ತನ್ನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವನ್ನಿಟ್ಟು, ಕೀಲಿಕೈಯಿಲ್ಲದೆ ತೆಗೆದವರಿಗೆ 200 ಗಿನಿ ಬಹುಮಾನ ಎಂದು ಸವಾಲು ಹಾಕಿದ. ದಶಕಗಳು ಕಳೆದರೂ ಅದು ತೆರೆಯಲಿಲ್ಲ. 1817ರಲ್ಲಿ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳವಾದ ಮೇಲೆ, ಮರುವರ್ಷ ಜೆರೆಮಿಯಾ ಚಬ್ ಇನ್ನೊಂದು ಜಾಣತನದ ಬೀಗ ತಂದ. ಯಾರಾದರೂ ತಂತಿ ಹಾಕಿ ಕೆದಕಿದರೆ ಒಳಗಿನ ಪಟ್ಟಿಯೊಂದು ಸಿಕ್ಕಿಕೊಳ್ಳುತ್ತದೆ. ಮಾಲೀಕ ತನ್ನ ಕೀಲಿಕೈ ಹಾಕಿದಾಗ ಬೀಗ ತೆಗೆಯುವುದಿಲ್ಲ. ಯಾರೋ ಕೈಯಾಡಿಸಿದ್ದಾರೆಂದು ಅವನಿಗೆ ಆಗಲೇ ಗೊತ್ತಾಗುತ್ತದೆ.

1851ರ ಲಂಡನ್ ಮಹಾ ವಸ್ತುಪ್ರದರ್ಶನಕ್ಕೆ ಅಮೆರಿಕದಿಂದ ಬಂದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಈ ಎರಡು ಹೆಮ್ಮೆಗಳನ್ನೂ ಮುರಿದ. ಚಬ್ಬನ ಬೀಗವನ್ನು ಸುಮಾರು 25 ನಿಮಿಷದಲ್ಲಿ ತೆಗೆದ. ಬ್ರಾಮಾನದಕ್ಕೆ 16 ದಿನಗಳಲ್ಲಿ ಹಂಚಿದ 51 ಗಂಟೆ ಬೇಕಾಯಿತು. ಬೀಗದ ಗುಟ್ಟನ್ನು ಹೀಗೆ ಬಯಲು ಮಾಡಬಹುದೇ ಎಂದು ಗದ್ದಲವೆದ್ದಾಗ ಹಾಬ್ಸನ ವಾದ ಸರಳವಾಗಿತ್ತು: ಕಳ್ಳರಿಗೆ ಇದೆಲ್ಲ ಮೊದಲೇ ಗೊತ್ತು, ಗೊತ್ತಿಲ್ಲದಿರುವುದು ಮನೆಯವರಿಗೆ. ಅಂದಹಾಗೆ, ರಾತ್ರಿ ಕತ್ತಲಲ್ಲಿ ಬಾಗಿಲ ಮುಂದೆ 51 ಗಂಟೆ ಕೂರುವ ಕಳ್ಳನನ್ನು ಯಾರೂ ಕಂಡಿಲ್ಲ. ಹಾಗಾಗಿ ಬ್ರಾಮಾ ಸೋತನೆಂದು ನನಗೆ ಅನ್ನಿಸುವುದಿಲ್ಲ.

ನಮ್ಮ ಜೇಬಿನಲ್ಲಿರುವ ಗರಗಸದ ಹಲ್ಲಿನಂಥ ಚಪ್ಪಟೆ ಕೀಲಿಕೈ ಲೈನಸ್ ಯೇಲ್ ಎಂಬ ಅಮೆರಿಕನ್ನನ ಕೊಡುಗೆ. 1861 ಮತ್ತು 1865ರ ಅವನ ಪೇಟೆಂಟುಗಳ ಹಿಂದಿನ ತತ್ವ ಪ್ರಾಚೀನ ಈಜಿಪ್ಟಿನ ಮರದ ಬೀಗಗಳಷ್ಟು ಹಳೆಯದು. ಸಾಲಾಗಿ ನಿಂತ ಸಣ್ಣ ಕಡ್ಡಿಗಳು, ಪ್ರತಿಯೊಂದೂ ನಡುವೆ ತುಂಡಾದದ್ದು. ಸರಿಯಾದ ಕೀಲಿಕೈ ಎಲ್ಲ ಕಡ್ಡಿಗಳನ್ನು ಎತ್ತಿ ಅವುಗಳ ತುಂಡಿನ ಗೆರೆಯನ್ನು ಒಂದೇ ಮಟ್ಟಕ್ಕೆ ತಂದಾಗ ಮಾತ್ರ ಉರುಳೆ ತಿರುಗುತ್ತದೆ. ಬೀಗ ಅಗ್ಗವಾಯಿತು, ಕೀಲಿಕೈ ಹಗುರವಾಯಿತು. ಅದರ ನಕಲು ಮಾಡುವುದೂ ಅಷ್ಟೇ ಸಲೀಸಾಯಿತು.

ಭಾರತದಲ್ಲಿ ವಕೀಲಿ ಬಿಟ್ಟು ಬಂದ ಆರ್ಡೇಶಿರ್ ಗೋದ್ರೆಜ್ 1897ರಲ್ಲಿ ಮುಂಬಯಿಯಲ್ಲಿ ಬೀಗ ತಯಾರಿಸತೊಡಗಿದರು. ನಗರದಲ್ಲಿ ಕಳವು ಹೆಚ್ಚಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಈ ಯೋಚನೆ ಬಂತೆಂದು ಹೇಳುತ್ತಾರೆ. (ಪತ್ರಿಕೆ ಓದಿ ಒಬ್ಬರಿಗಾದರೂ ಉಪಯೋಗವಾಯಿತಲ್ಲ!) ಬಡವರ ಟ್ರಂಕಿಗೆ ಬಂದದ್ದು ಹೆಚ್ಚಾಗಿ ಅಲಿಗಢದ ಬೀಗ. 1920ರಿಂದ ವಿಶ್ವವಿದ್ಯಾನಿಲಯವಿರುವ ಊರೇ ದೇಶದ ಬೀಗಗಳ ಊರೂ ಹೌದು.

ಇಷ್ಟೆಲ್ಲ ಆದ ಮೇಲೆ ದುರ್ಬಲ ಜಾಗ ಎಲ್ಲಿ ಉಳಿಯಿತು? ಕೀಲಿಕೈ ಹಿಡಿದ ಕೈಯಲ್ಲಿ, ಬೀಗ ನೇತಾಡುವ ಕೊಂಡಿಯಲ್ಲಿ. 1860ರ ಭಾರತೀಯ ದಂಡ ಸಂಹಿತೆ ಬರೆದವರು ಇದನ್ನು ಬಲ್ಲವರು. ಮಾಲೀಕ ಕಳೆದುಕೊಂಡ ಕೀಲಿಕೈ ಸಿಕ್ಕಿ, ಅದರಿಂದಲೇ ಬಾಗಿಲು ತೆಗೆದು ಅಕ್ರಮವಾಗಿ ಒಳಹೊಕ್ಕರೂ ಅದು ಮನೆ ಭೇದಿಸಿದಂತೆಯೇ ಎಂದು 445ನೇ ಕಲಮಿನ ಉದಾಹರಣೆಯೊಂದು ಹೇಳುತ್ತಿತ್ತು. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ.

ವಿದ್ಯಾರ್ಥಿಗಳ ಕೋಣೆಯಲ್ಲಿ ಮೂವರಿಗೆ ಒಂದೇ ಕೀಲಿಕೈ. ಅದು ಮೀಟರ್ ಪೆಟ್ಟಿಗೆಯ ಮೇಲೆ, ಇಲ್ಲವೇ ಹೊರಗೆ ಬಿಟ್ಟ ಷೂವಿನೊಳಗೆ. ಹೋದ ವರ್ಷ ಇದ್ದವರು, ಅದಕ್ಕೂ ಹಿಂದಿನವರು ಮಾಡಿಸಿದ ನಕಲುಗಳು ಯಾರ ಬಳಿ ಇವೆಯೋ ಯಾರಿಗೂ ತಿಳಿಯದು. ಕೋಣೆಗೆ ಬಂದ ದಿನವೇ ಮನೆಯೊಡೆಯರಿಗೆ ತಿಳಿಸಿ ಸ್ವಂತ ಬೀಗ ಹಾಕಬೇಕು. ಕೊಂಡಿಯ ಸ್ಕ್ರೂಗಳು ಬಾಗಿಲು ಮುಚ್ಚಿದಾಗ ಹೊರಗೆ ಕಾಣುವಂತಿದ್ದರೆ, ದುಬಾರಿ ಬೀಗಕ್ಕೆ ದುಡ್ಡು ಹಾಕುವ ಮೊದಲು ಅದನ್ನು ಬದಲಿಸಬೇಕು. ಬೀಗ ಮುಟ್ಟದೆ ಸ್ಕ್ರೂ ಬಿಚ್ಚಿ ಒಳಬರಬಹುದು. ದಸರಾ ರಜೆಗೆ ಊರಿಗೆ ಹೋಗುವಾಗ ಕಿಟಕಿಯ ಚಿಲಕ ನೋಡಿ, ಲ್ಯಾಪ್‌ಟಾಪನ್ನು ಜೊತೆಗೇ ಒಯ್ಯಬೇಕು. ಪ್ರಬಂಧದ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ, ಗೆಳೆಯರ ಮನೆಯಲ್ಲೋ, ಊರಿನ ಅಲಮಾರಿಯಲ್ಲೋ.