ಹೊಂಡದ ತಂಪು, ಪೆಟ್ಟಿಗೆಯ ತಂಪು

ಬೇಸಗೆಯನ್ನು ಗೆಲ್ಲಬೇಕೆಂಬ ಮನುಷ್ಯನ ಹಂಬಲ ಕೋಟೆ ಕೊತ್ತಲಗಳಷ್ಟೇ ಹಳೆಯದು. ಆದರೆ ಅರಸರ ಕಾಳಗಗಳನ್ನು ಬರೆದಿಟ್ಟಷ್ಟು ಶ್ರದ್ಧೆಯಿಂದ ಅವರ ಬೇಸಗೆಗಳನ್ನು ನಮ್ಮ ಚರಿತ್ರಕಾರರು ಬರೆದಿಡಲಿಲ್ಲ. ಆ ಚರಿತ್ರೆಯ ಒಂದು ಪುಟ ನಮ್ಮ ಸಂತೇಬೆನ್ನೂರಿನಲ್ಲಿ ಕಲ್ಲಾಗಿ ಉಳಿದಿದೆ. ಇನ್ನೊಂದು ಪುಟ ದಾವಣಗೆರೆಯ ಎಷ್ಟೋ ಮನೆಗಳ ಗೋಡೆಯ ಮೇಲೆ ಬಿಳಿಯ ಪೆಟ್ಟಿಗೆಯಾಗಿ ಕುಳಿತಿದೆ. ಎರಡನ್ನೂ ಜೊತೆಗಿಟ್ಟು ಓದಿದಾಗ ನನಗೆ ಕಂಡ ಒಂದು ಮಾತನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಸಂತೇಬೆನ್ನೂರಿನ ಪುಷ್ಕರಣಿಯನ್ನು ಅಲ್ಲಿನ ಪಾಳೆಯಗಾರ ಹನುಮಪ್ಪನಾಯಕ 16ನೆಯ ಶತಮಾನದಲ್ಲಿ ಕಟ್ಟಿಸಿದನು. ನಾಲ್ಕೂ ಕಡೆ ನೀರಿಗಿಳಿಯುವ ಕಲ್ಲಿನ ಮೆಟ್ಟಿಲುಗಳು, ನಡುನೀರಿನಲ್ಲಿ ಅಂತಸ್ತು ಅಂತಸ್ತಾಗಿ ಏರಿದ ವಸಂತಮಂಟಪ, ದಡದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನ ಹೆಸರಿನೊಡನೆ ಸೇರಿಕೊಂಡಿರುವ ಮುಸಾಫಿರ್‌ಖಾನೆ. ಮಂಟಪದ ಉದ್ದೇಶ ಉತ್ಸವವಿರಬಹುದು. ಆದರೆ ನೀರಿನ ನಡುವೆ ಕಟ್ಟಿದ ಮಂಟಪಕ್ಕೆ ತಂಪು ತಾನಾಗಿ ಒದಗುತ್ತದೆ. ರಣದುಲ್ಲಾಖಾನನ ಒಡೆಯರಾದ ಆದಿಲಶಾಹಿಗಳಿಗೂ ಈ ಮರ್ಮ ಗೊತ್ತಿತ್ತು. ಬಿಜಾಪುರದ ಸಮೀಪದ ಕುಮಟಗಿಯಲ್ಲಿ ಅವರು ಬೇಸಗೆಗೆಂದೇ ನೀರಿನ ನಡುವೆ ವಿಹಾರಮಂದಿರವನ್ನು ನಿರ್ಮಿಸಿ, ಕೊಳವೆಗಳಿಂದ ಕಾರಂಜಿಗಳನ್ನು ಚಿಮ್ಮಿಸಿದರು. ಧರ್ಮ ಬೇರೆ, ದೊರೆತನ ಬೇರೆ. ಬಯಲುಸೀಮೆಯ ಬಿಸಿಲು ಮಾತ್ರ ಇಬ್ಬರಿಗೂ ಒಂದೇ.

ಇಲ್ಲಿ ನಡೆಯುವುದೇನು? ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಲೀಟರು ನೀರು ಆವಿಯಾಗಿ ಹೋಗಲು ಬೇಕಾಗುವ ಶಾಖವನ್ನು ಹಿಂದೆಗೆದುಕೊಂಡರೆ 50 ಲೀಟರಿಗೂ ಹೆಚ್ಚಿನ ನೀರು 10 ಡಿಗ್ರಿಯಷ್ಟು ತಣ್ಣಗಾಗುತ್ತದೆ. ಮಣ್ಣಿನ ಹೂಜಿ, ಬಾಗಿಲಿಗೆ ಕಟ್ಟಿದ ಲಾವಂಚದ ತಡಿಕೆ, ಹನುಮಪ್ಪನಾಯಕನ ಹೊಂಡ, ಇವೆಲ್ಲವೂ ಈ ಒಂದೇ ತತ್ವದ ಮಕ್ಕಳು. ಹೀಗೆ ಹೋದ ಆವಿಯ ಲೆಕ್ಕವನ್ನು ಯಾರೂ ಕೇಳಬೇಕಾಗಿರಲಿಲ್ಲ. ಅದು ಮೋಡವಾಯಿತು, ಮಳೆಯಾಯಿತು, ಮತ್ತೆ ಎಲ್ಲೋ ಒಂದು ಹೊಂಡವನ್ನು ಸೇರಿತು.

ಸಿರಿವಂತರು ಇಷ್ಟಕ್ಕೆ ತೃಪ್ತರಾಗಲಿಲ್ಲ. ಅಕ್ಬರನ ಆಸ್ಥಾನದಲ್ಲಿ ಪೆಟ್ಲುಪ್ಪಿನಿಂದ ನೀರನ್ನು ತಣಿಸುತ್ತಿದ್ದ ಸಂಗತಿ ಐನ್-ಇ-ಅಕ್ಬರಿಯಲ್ಲಿದೆ. 1833ರಲ್ಲಿ ಅಮೆರಿಕದ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಬಾಸ್ಟನ್ನಿನ ಕಡೆಯ ಕೆರೆಗಳ ಮಂಜುಗಡ್ಡೆಯನ್ನು ಹಡಗಿಗೇರಿಸಿ ಕಲ್ಕತ್ತೆಗೆ ಕಳುಹಿಸಿದ. ಹೊರಟದ್ದು ಸುಮಾರು 180 ಟನ್. ನಾಲ್ಕು ತಿಂಗಳ ಪ್ರಯಾಣದಲ್ಲಿ ಕರಗಿ ತಲುಪಿದ್ದು ಸುಮಾರು 100 ಟನ್. ಮದರಾಸಿನ ಕಡಲತೀರದಲ್ಲಿ, ಮುಂದೆ 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಕಟ್ಟಡವು ಮೊದಲು ಈ ಮಂಜುಗಡ್ಡೆಯನ್ನು ಕೂಡಿಡುತ್ತಿದ್ದ ಐಸ್‌ಹೌಸ್ ಆಗಿತ್ತು.

ತಂಪನ್ನು ಹೊತ್ತು ತರುವ ಬದಲು ಮನೆಯಲ್ಲಿಯೇ ಹುಟ್ಟಿಸುವ ಯಂತ್ರಕ್ಕೆ 1834ರಲ್ಲಿ ಜೇಕಬ್ ಪರ್ಕಿನ್ಸ್ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದನು. ಅವನ ಉಪಾಯ ಸರಳವಾದದ್ದು. ನೀರಿಗಿಂತ ಬೇಗ ಆವಿಯಾಗುವ ದ್ರವವೊಂದನ್ನು ಕೊಳವೆಯೊಳಗೆ ಆವಿಯಾಗಿಸುವುದು, ಆ ಆವಿಯನ್ನು ಒತ್ತಿ ಮತ್ತೆ ದ್ರವವಾಗಿಸುವುದು, ಪುನಃ ಆವಿಯಾಗಿಸುವುದು. ಹೊಂಡದ ಆವಿ ಆಕಾಶಕ್ಕೆ ಹೋಗಿ ಮಳೆಯಾಗಿ ಮರಳುವ ಚಕ್ರವನ್ನೇ ಅವನು ಒಂದು ಕೊಳವೆಯ ಸುತ್ತಿನಲ್ಲಿ ಬಂಧಿಸಿದನು. ಇಂದಿನ ಏರ್‌ಕಂಡೀಷನರಿನ ಹೃದಯವೂ ಅದೇ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಅದಕ್ಕೊಂದು ರೂಪು ಕೊಟ್ಟದ್ದು ಮನುಷ್ಯರ ಸುಖಕ್ಕಾಗಿ ಅಲ್ಲ, ಬ್ರೂಕ್ಲಿನ್ನಿನ ಮುದ್ರಣಾಲಯವೊಂದಕ್ಕಾಗಿ. ತೇವದಿಂದ ಕಾಗದ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಪುಸ್ತಕಪ್ರಿಯರಾದ ನಮಗೆ ಈ ಸಂಗತಿ ಕೊಂಚ ಹೆಮ್ಮೆ ತರಬಹುದು.

ಆದರೆ ನೀರಿನ ಜಾಗಕ್ಕೆ ಬಂದ ದ್ರವಗಳು ನೀರಿನಷ್ಟು ಸಾಧುಗಳಾಗಿರಲಿಲ್ಲ. ಈಥರ್ ಹೊತ್ತಿಕೊಳ್ಳುವಂಥದು, ಅಮೋನಿಯ, ಗಂಧಕದ ಡೈಆಕ್ಸೈಡುಗಳು ಉಸಿರು ಕಟ್ಟಿಸುವಂಥವು. ಬರ್ಲಿನ್ನಿನಲ್ಲಿ ಶೀತಲಪೆಟ್ಟಿಗೆಯಿಂದ ಸೋರಿದ ವಿಷಾನಿಲಕ್ಕೆ ಒಂದು ಕುಟುಂಬವೇ ಬಲಿಯಾದ ಸುದ್ದಿಯನ್ನೋದಿ ಮನನೊಂದ ಐನ್‌ಸ್ಟೈನರು, ಲಿಯೋ ಸಿಲಾರ್ಡರೊಡನೆ ಸೇರಿ ಸೋರದ ಶೀತಲಯಂತ್ರವೊಂದನ್ನು ರೂಪಿಸಿ 1930ರಲ್ಲಿ ಅಮೆರಿಕದ ಹಕ್ಕುಪತ್ರ ಪಡೆದರು. ಅವರ ಯಂತ್ರ ಮಾರುಕಟ್ಟೆಗೆ ಬರಲಿಲ್ಲ. ಅದೇ ವರ್ಷ ಥಾಮಸ್ ಮಿಡ್ಗ್ಲಿ ಎಂಬ ರಸಾಯನಜ್ಞನು ಹೊಸ ಅನಿಲವೊಂದನ್ನು ಸಭೆಯ ಮುಂದೆ ತಾನೇ ಉಸಿರೆಳೆದು, ಉರಿಯುವ ಮೋಂಬತ್ತಿಯ ಮೇಲೆ ಊದಿ ಅದನ್ನು ನಂದಿಸಿ ತೋರಿಸಿದನು. ವಿಷವೂ ಅಲ್ಲ, ಬೆಂಕಿಯೂ ಅಲ್ಲ! ಅದೇ ಫ್ರಿಯಾನ್. ಲೋಕ ನೆಮ್ಮದಿಯಿಂದ ನಿಟ್ಟುಸಿರು ಬಿಟ್ಟಿತು; ಅನಿಲವನ್ನೂ ಗಾಳಿಗೆ ಬಿಡತೊಡಗಿತು.

ಬಿಟ್ಟದ್ದು ಎಲ್ಲಿಗೆ ಹೋಯಿತೆಂಬುದಕ್ಕೆ ಉತ್ತರ ಬರಲು 44 ವರ್ಷ ಬೇಕಾಯಿತು. ಈ ಅನಿಲಗಳು ಮೇಲೇರಿ, ಸೂರ್ಯನ ನೇರಳಾತೀತ ಕಿರಣಗಳಿಗೆ ಒಡೆದು, ಅವುಗಳಲ್ಲಿನ ಕ್ಲೋರಿನ್ ನಮ್ಮನ್ನು ಕಾಯುವ ಓಝೋನ್ ಪದರವನ್ನು ತಿನ್ನುತ್ತದೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ತೋರಿಸಿದರು. 1985ರಲ್ಲಿ ದಕ್ಷಿಣಧ್ರುವದ ಮೇಲೆ ಆ ಪದರ ತೀರ ತೆಳುವಾಗಿರುವುದು ಬೆಳಕಿಗೆ ಬಂತು. 1987ರ ಮಾಂಟ್ರಿಯಲ್ ಒಪ್ಪಂದವನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. ಆ ಹಳೆಯ ಫ್ರಿಯಾನ್ ಈಗ ತಯಾರಾಗುವುದಿಲ್ಲ. ಅದಕ್ಕಿಂತ ಕಡಿಮೆ ಹಾನಿಯದೆಂದು ಉಳಿದುಕೊಂಡ ಆರ್-22 ಸಹ ನಿರ್ಗಮನದ ಹಾದಿಯಲ್ಲಿದೆ. ಅದಕ್ಕೆ ಇನ್ನೊಂದು ದೋಷವೂ ಇದೆ: ಭೂಮಿಯ ಶಾಖವನ್ನು ಹಿಡಿದಿಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,800 ಪಟ್ಟು ಬಲಶಾಲಿ. ಒಂದು ಕಿಲೋ ಆರ್-22 ಗಾಳಿಗೆ ಹೋದರೆ 750 ಲೀಟರಿಗೂ ಹೆಚ್ಚು ಪೆಟ್ರೋಲು ಸುಟ್ಟಂತೆ. ಒಂದು ಕೋಣೆಯ ತಂಪಿಗಾಗಿ ಇಡೀ ಊರಿನ ಬೇಸಗೆಯನ್ನು ಬೆಳೆಸಿದ ಹಾಗೆ.

ಈ ದೊಡ್ಡ ಕಥೆ ಕೊನೆಗೆ ಬಂದು ನಿಲ್ಲುವುದು ಒಬ್ಬ ರಿಪೇರಿಯವನ ಕೈಯಲ್ಲಿ. ಪರಿಚಿತರೊಬ್ಬರ ಮನೆಯಲ್ಲಿ ನಾನು ನೋಡುತ್ತಿದ್ದಂತೆಯೇ ಒಬ್ಬ ಯುವಕ ಕೊಳವೆಯ ನಟ್ಟು ಸಡಿಲಿಸಿ ಉಳಿದ ಅನಿಲವನ್ನು ಬುಸ್ಸೆಂದು ಹೊರಗೆ ಬಿಟ್ಟ. “ಗ್ಯಾಸ್ ಕಮ್ಮಿ ಆಗೇತಿ ಮೇಷ್ಟ್ರೇ, ವರ್ಷಕ್ಕೊಂದ್ ಸಲ ಹಾಕಿಸ್ಬೇಕಾಗ್ತತಿ,” ಎಂದ. “ಹಳೇದು ಎಲ್ಲಿ ಹೋಯ್ತಪ್ಪಾ?” ಎಂದೆ. “ಗಾಳಿಗೆ ಹೋತು ಬಿಡ್ರಿ,” ಎಂದು ನಕ್ಕ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಅವನಿಗೆ ಕಲಿಸಿದವರಿರಲಿಲ್ಲ, ಅಷ್ಟೆ.

ಅನಿಲ ದೀಪದ ಎಣ್ಣೆಯಂತೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ತಾಣವನ್ನು ಮುಚ್ಚದೆ ಮತ್ತೆ ತುಂಬುವುದು ಒಡಕು ಕೊಡಕ್ಕೆ ನೀರು ಹೊಯ್ದಂತೆ. ಬಲ್ಲವನು ಮಾಡುವ ಕ್ರಮವೇ ಬೇರೆ. ಅವನು ಉಳಿದ ಅನಿಲವನ್ನು ಯಂತ್ರದ ಮೂಲಕ ಅದಕ್ಕೆಂದೇ ಇರುವ ಸಿಲಿಂಡರಿಗೆ ಹಿಂದೆಗೆದುಕೊಳ್ಳುತ್ತಾನೆ. ಕೊಳವೆಗೆ ಒಣ ನೈಟ್ರೋಜನ್ ತುಂಬಿ, ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವ ಜಾಗವನ್ನು ಹುಡುಕುತ್ತಾನೆ. ಆ ಕೆಲಸಕ್ಕೆ ಆಮ್ಲಜನಕವನ್ನು ಎಂದೂ ಬಳಸಬಾರದು. ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಅದು ಸಿಡಿಯುತ್ತದೆ. ಒಳಗೆ ಅನಿಲವಿರುವಾಗ ಬೆಸುಗೆಯ ಜ್ವಾಲೆ ಹಿಡಿದರೆ ಆಮ್ಲಗಳ ಹೊಗೆಯೂ, ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಫಾಸ್ಜೀನ್ ವಿಷವೂ ಹುಟ್ಟಬಹುದು. ಬೆಸುಗೆ ಮುಗಿದ ಮೇಲೆ ವ್ಯಾಕ್ಯೂಮ್ ಪಂಪಿನಿಂದ ಗಾಳಿಯನ್ನೂ ತೇವವನ್ನೂ ಹೊರಗೆಳೆದು, ಪಂಪನ್ನು ನಿಲ್ಲಿಸಿದ ಮೇಲೂ ಆ ನಿರ್ವಾತ ನಿಲ್ಲುತ್ತದೆಯೇ ಎಂದು ಕಾದು ನೋಡಬೇಕು. ಆಮೇಲಷ್ಟೇ, ಯಂತ್ರದ ಮೇಲೆ ಬರೆದಿರುವ ಅನಿಲವನ್ನೇ, ಬರೆದಷ್ಟೇ ತೂಕಕ್ಕೆ, ತಕ್ಕಡಿಯಿಟ್ಟು ತುಂಬಬೇಕು. ಕೈಗವಸು, ಕನ್ನಡಕ ಬೇಕೇ ಬೇಕು. ಆರ್-22 ಕುದಿಯುವುದು ಸೊನ್ನೆಗಿಂತ 41 ಡಿಗ್ರಿ ಕೆಳಗೆ, ಚರ್ಮಕ್ಕೆ ತಾಗಿದರೆ ಸುಟ್ಟಂತೆಯೇ ಗಾಯವಾಗುತ್ತದೆ.

ಈಗ ಬರುತ್ತಿರುವ ಆರ್-32, ಪ್ರೊಪೇನ್ ಮುಂತಾದವು ಓಝೋನನ್ನು ಕೆಡಿಸುವುದಿಲ್ಲ, ಭೂಮಿಯನ್ನು ಕಾಯಿಸುವುದೂ ಕಡಿಮೆ. ಆದರೆ ಬೆಂಕಿ ಮರಳಿ ಬಂದಿದೆ: ಆರ್-32 ಅಲ್ಪವಾಗಿ, ಪ್ರೊಪೇನ್ ಪೂರ್ಣವಾಗಿ ಹೊತ್ತಿಕೊಳ್ಳುವಂಥದು. ಆದಕಾರಣ ಒಂದಕ್ಕಾಗಿ ಕಟ್ಟಿದ ಯಂತ್ರಕ್ಕೆ ಇನ್ನೊಂದನ್ನು ತುಂಬುವುದು ಅಪಾಯ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡುವುದೂ ಅಪಾಯ. ಇನ್ನೂರು ವರ್ಷಗಳ ಸುತ್ತಾಟದ ನಂತರ ಮನುಷ್ಯ ಪರ್ಕಿನ್ಸನ ಈಥರಿನ ನೆರೆಯಲ್ಲಿಯೇ ಬಂದು ನಿಂತಿದ್ದಾನೆ. ವ್ಯತ್ಯಾಸವೆಂದರೆ, ದೋಷವಿಲ್ಲದ ಅನಿಲವೊಂದು ಸಿಗುತ್ತದೆಂಬ ಭ್ರಮೆ ಈಗ ಕಳೆದಿದೆ. ಇನ್ನು ರಕ್ಷಣೆಯಿರುವುದು ಅನಿಲದ ಗುಣದಲ್ಲಲ್ಲ, ಅದನ್ನು ಹಿಡಿದಿಡುವ ಕೈಯ ಶಿಸ್ತಿನಲ್ಲಿ.

ಆ ಶಿಸ್ತಿಗೆ ಸಮಯ ಬೇಕು, ಸಲಕರಣೆ ಬೇಕು, ಅದಕ್ಕೆ ತಕ್ಕ ಕೂಲಿ ಬೇಕು. ಅರ್ಧ ಗಂಟೆಯಲ್ಲಿ, ಅರ್ಧ ಬೆಲೆಯಲ್ಲಿ ಮುಗಿಸಿಕೊಡೆಂದು ಅವನನ್ನು ಅವಸರಪಡಿಸುವವರು ನಾವೇ. ಬರುವ ಬೇಸಗೆಯಲ್ಲಿ ಅವನು ಮನೆಗೆ ಬಂದಾಗ ಮೂರು ಮಾತು ಕೇಳೋಣ: ಹಳೆಯ ಅನಿಲವನ್ನು ಯಾವುದರಲ್ಲಿ ಹಿಡಿಯುತ್ತೀಯೆ? ಸೋರಿದ್ದು ಎಲ್ಲಿ? ತಕ್ಕಡಿ ತಂದಿದ್ದೀಯಾ? ಕೇಳಿದ ಮೇಲೆ ಅವನಿಗೊಂದು ಕುರ್ಚಿ ಕೊಟ್ಟು, ಕೆಲಸ ಮುಗಿಯುವವರೆಗೆ ಆ ಒಂದು ಮಧ್ಯಾಹ್ನದ ಸೆಕೆಯನ್ನು ತಾಳಿಕೊಳ್ಳೋಣ.